ಅಂಕೋಲಾ ಪೌರಮೀಮಾಂಸೆ: ಹಗರಣ ಪದ್ಧತಿಯಲ್ಲಿ ಪ್ರೌಢಶಾಲಾ ಪೌರನೀತಿ

ಊರಿನ ಹೆಸರು ಎಲ್ಲಿಂದ ಬಂತೆಂದು ಹೇಳದೆ ಸಂಶೋಧನ ಪ್ರಬಂಧ ಶುರು ಮಾಡಬಾರದೆಂಬುದು ನಮ್ಮಲ್ಲಿ ಶಿಷ್ಟಾಚಾರ. ಅಂಕೋಲೆ ಎಂಬ ಗಿಡದಿಂದ ಅಂಕೋಲಾ ಆಯಿತೆಂದು ತಿಳಿದವರು ಹೇಳುತ್ತಾರೆ. ಯಾರಿಗೂ ಅರ್ಥವಾಗುವಷ್ಟು ಸರಳವಾಗಿರುವುದರಿಂದ ಇದು ವಿದ್ವಾಂಸರ ಉಪಯೋಗಕ್ಕಿಲ್ಲ. ಪ್ರಸ್ತುತ ಪ್ರಬಂಧಕಾರನ ಮತದಲ್ಲಿ ಇದು ಅಂಕ ಮತ್ತು ಓಲೆ ಕೂಡಿ ಆದ ಪದ. ಅಂಕೋಲೆ ಎಂದರೆ ಅಂಕದ ಓಲೆ, ಅಂದರೆ ಮಾರ್ಕ್ಸ್ ಕಾರ್ಡು. ವ್ಯಾಕರಣದಲ್ಲಿ ಇದು ಲೋಪಸಂಧಿ. ಲೋಪ ಎಲ್ಲಾಯಿತು ಎಂಬುದೇ ಈ ಪ್ರಬಂಧದ ವಿಷಯ.

ಪ್ರೌಢಶಾಲೆಯ ಎಲ್ಲ ಮಕ್ಕಳಿಗೂ, ಅಂದರೆ ಮುಂದಿನ ಬೆಂಚಿನವರಿಗೂ ಕಿಟಕಿಯ ಬದಿಯವರಿಗೂ, ನಿದ್ದೆ ಬಾರದಂತೆ ಪೌರನೀತಿ ಕಲಿಸುವುದು ಹೇಗೆ? ಪ್ರಶ್ನೆ ಸಣ್ಣದಲ್ಲ. ಹೊಟ್ಟೆ ತುಂಬ ಬಿಸಿಯೂಟ ಮಾಡಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ‘ರಾಜ್ಯಸಭೆಯ ಸದಸ್ಯನಾಗಲು ಇರಬೇಕಾದ ಅರ್ಹತೆಗಳಾವುವು’ ಎಂದು ಕೇಳಿಸಿಕೊಂಡೂ ಎಚ್ಚರವಾಗಿದ್ದ ಒಬ್ಬ ಹುಡುಗನನ್ನು ಮಾತ್ರ ಪ್ರಬಂಧಕಾರ ತನ್ನ ಸೇವಾವಧಿಯಲ್ಲಿ ಕಂಡಿದ್ದಾನೆ. ಅವನಿಗೂ ಆ ದಿನ ಹಲ್ಲುನೋವಿತ್ತು.

ಪೌರನೀತಿ ಎಂಬ ಹೆಸರು ಈಗ ಪುಸ್ತಕದಲ್ಲಿ ಇಲ್ಲ. ಎಂಟರಿಂದ ಹತ್ತನೆಯವರೆಗಿನ ಸಮಾಜ ವಿಜ್ಞಾನದಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಂಬ ಆರು ಜನ ದಾಯಾದಿಗಳು ಒಂದೇ ಸೂರಿನಡಿ ಇದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟೂ ಜನಕ್ಕೆ ಸೇರಿ ಬರವಣಿಗೆಯ 80 ಅಂಕ, ಆಂತರಿಕ ಮೌಲ್ಯಮಾಪನದ 20 ಅಂಕ. ಹಿರಿಯಣ್ಣ ಇತಿಹಾಸ. ಜಗಳವೆಲ್ಲ ಅವನ ಪಾಲಿಗೆ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಗದ್ದಲ ಎದ್ದಾಗಲೂ ಹೊಡೆದಾಟ ಹೆಚ್ಚಾಗಿ ನಡೆದದ್ದು ಇತಿಹಾಸ ಮತ್ತು ಭಾಷಾಪಾಠಗಳ ಅಂಗಳದಲ್ಲಿ. ರಾಜ್ಯಶಾಸ್ತ್ರ ಅಟ್ಟದ ಮೇಲೆ ಮಲಗಿತ್ತು. ಜಗಳಕ್ಕೂ ಬೇಡವಾದ ವಿಷಯದ ಅವಸ್ಥೆ ಎಂಥದೆಂದು ವಾಚಕರೇ ಊಹಿಸಬೇಕು.

ಹೆಸರು ಬದಲಾದದ್ದಕ್ಕೊಂದು ಕಥೆ ಉಂಟು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂದು ಒಳಗುಟ್ಟನ್ನು ಹೊರಗೆ ಹಾಕಿತು. ಪೌರನೀತಿ ಎಂಬ ವಿಷಯ ನಮ್ಮ ಶಾಲೆಗಳಿಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ; ಬಂದದ್ದಕ್ಕೆ ಹಿನ್ನೆಲೆ, ಈ ಜನಕ್ಕೆ ಸರಕಾರದ ಮೇಲೆ ನಿಷ್ಠೆ ಕಡಿಮೆಯಾಗುತ್ತಿದೆಯಲ್ಲ ಎಂಬ ಆತಂಕ. ಅಂದರೆ ಪೌರನೀತಿ ಎಂಬುದು ಮೂಲದಲ್ಲಿ ಒಳ್ಳೆಯ ಪೌರರನ್ನು ತಯಾರಿಸುವ ವಿದ್ಯೆಯಲ್ಲ, ಬಾಲಬಿಚ್ಚದ ಪ್ರಜೆಗಳನ್ನು ತಯಾರಿಸುವ ಕಷಾಯ. ಆ ಕಷಾಯದ ಗುಣ ಎಷ್ಟರಮಟ್ಟಿಗೆ ಹಿಡಿಯಿತೆಂದು ನೋಡಲು ಅಂಕೋಲೆಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದಿಲ್ಲ.

ದಾಂಡಿಯಲ್ಲಿ ಗಾಂಧೀಜಿ ಉಪ್ಪು ಹೆಕ್ಕಿದ ಒಂದು ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಅಂಕೋಲೆಯವರು ಕಡಲಿಗೆ ಹೋಗಿ ಉಪ್ಪು ಮಾಡಿದರು. ಮಾಡಿದ್ದನ್ನು ಹರಾಜೂ ಹಾಕಿದರು. ಕಾಯಿದೆ ಮುರಿಯುವುದು ಒಂದು ಅಪರಾಧ. ಮುರಿದದ್ದನ್ನು ಪೊಟ್ಟಣ ಕಟ್ಟಿ ಸವಾಲು ಕೂಗಿ ಮಾರುವುದು ಶುದ್ಧ ಉದ್ಧಟತನ. ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇಡೀ ತಾಲೂಕು ಒಂದೇ ದಿನ ಪೌರನೀತಿಯಲ್ಲಿ ನಪಾಸಾಯಿತು. ನಪಾಸಾದವರು ಮರುಪರೀಕ್ಷೆಗೆ ಕೂತು ತಿದ್ದಿಕೊಂಡರೇ? ಇಲ್ಲ. ಮುಂದೆ ಕರನಿರಾಕರಣೆ ಶುರು ಹಚ್ಚಿ ಇನ್ನಷ್ಟು ಕೆಟ್ಟರು. ‘ಕರ್ನಾಟಕದ ಬಾರ್ಡೋಲಿ’ ಎಂಬ ಬಿರುದು ಬೇರೆ ಬಂತು. ಬಿರುದು ಕೊಟ್ಟವರು ಯಾರೂ ಪರೀಕ್ಷಾ ಮಂಡಳಿಯವರಲ್ಲ ಎಂಬುದನ್ನು ಗಮನಿಸಬೇಕು.

ಇಲ್ಲಿ ಪೂರ್ವಪಕ್ಷ ಎದ್ದು ನಿಲ್ಲುತ್ತದೆ. ನಮ್ಮ ಪೂರ್ವಪಕ್ಷದವರು ನಿವೃತ್ತ ಗಣಿತದ ಮಾಸ್ತರರು, ಬಸ್‌ಸ್ಟ್ಯಾಂಡಿನ ಬದಿಯ ಹೋಟೆಲ್ಲಿನಲ್ಲಿ ಬನ್ಸ್ ಮುರಿಯುತ್ತ ಕೂತಿದ್ದರು. “ಅಲ್ಲಾ ಮಾರಾಯಾ, ಕಾಯ್ದೆ ಮುರಿಯೂದನ್ನೇ ಮಕ್ಕಳಿಗೆ ಕಲಿಸ್ತೆ ಅಂತಿಯಲ್ಲ, ನಾಳೆ ಹೆಲ್ಮೆಟ್ ಹಾಕದೆ ಬೈಕ್ ಹೊಡೆದು ‘ಇದು ಸತ್ಯಾಗ್ರಹ’ ಅಂದ್ರೆ ಎಂತಾ ಮಾಡ್ತೆ?”

ಸಿದ್ಧಾಂತಿಯ ಸಮಾಧಾನ ಹೀಗೆ: ಸತ್ಯಾಗ್ರಹಿ ಪೊಲೀಸರು ಬರುವವರೆಗೆ ಕಾಯುತ್ತಾನೆ, ಹೆಲ್ಮೆಟ್ ಇಲ್ಲದವನು ಪೊಲೀಸರನ್ನು ಕಂಡು ಒಳದಾರಿ ಹಿಡಿಯುತ್ತಾನೆ. ಈ ಒಂದು ವ್ಯತ್ಯಾಸ ತಿಳಿಸಲಿಕ್ಕೆ ಪುಸ್ತಕದಲ್ಲಿ ಒಂದು ಅಧ್ಯಾಯ ಬೇಕು, ಹೆದ್ದಾರಿ 66ರ ಬದಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು. ಮಾಸ್ತರರು ಇನ್ನೊಂದು ಬನ್ಸ್ ಹೇಳಿದರು. ಇದನ್ನು ಸಮ್ಮತಿಯೆಂದು ಪರಿಗಣಿಸಲಾಗಿದೆ.

ಈಗ ಪಠ್ಯಕ್ರಮಕ್ಕೆ ಬರೋಣ. ಮೊದಲ ಪಾಠ ‘ಜಪ್ತಿ’. ಈ ಒಂದು ಪದದ ಮೇಲೆ ಇಡೀ ಅರ್ಧವರ್ಷ ಕಳೆಯಬಹುದೆಂದು ಪ್ರಬಂಧಕಾರ ಪ್ರತಿಜ್ಞಾಪೂರ್ವಕ ಹೇಳಬಲ್ಲ. ಕರನಿರಾಕರಣೆಯ ಕಾಲದಲ್ಲಿ ಕರ ಕೊಡದವರ ಜಮೀನು, ದನಕರು, ಪಾತ್ರೆಪಗಡೆ ಜಪ್ತಿಯಾದವು. ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಳ್ಳುವುದಕ್ಕೆ ಜನ ಹೆದರಿದರು, ಸರಕಾರಕ್ಕಲ್ಲ, ನೆರೆಹೊರೆಗೆ. ಘಟ್ಟದ ಮೇಲೆ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೀಗೆ ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು. ಆಗ ಜಪ್ತಿಯಾದ ಮಾಲು ಎಲ್ಲಿದೆ, ಯಾರ ಕೈಯಲ್ಲಿದೆ ಎಂಬುದು ಮಗುವಿಗೂ ಗೊತ್ತಿತ್ತು.

ಎಂಬತ್ತು ವರ್ಷ ಬಿಟ್ಟು ಅಂಕೋಲಾ ತಾಲೂಕಿನದೇ ಬೇಲೆಕೇರಿ ಬಂದರಿಗೆ ಬನ್ನಿ. 2010ರಲ್ಲಿ ಅಲ್ಲಿ ಲಕ್ಷಗಟ್ಟಲೆ ಟನ್ ಕಬ್ಬಿಣದ ಅದಿರು ಜಪ್ತಿಯಾಯಿತು. ಜಪ್ತಿಯಾದ ಮೇಲೆ ಅದು ಹಡಗು ಹತ್ತಿ ಹೋಯಿತು. ಪರ್ಸು ಕಳೆಯಬಹುದು, ಕೊಡೆ ಕಳೆಯಬಹುದು. ಗುಡ್ಡದಂತೆ ರಾಶಿ ಬಿದ್ದ ಕೆಂಪು ಮಣ್ಣು ಸರಕಾರದ ಸುಪರ್ದಿಯಿಂದ ಕಳೆದುಹೋಗುವುದು ಭೌತಶಾಸ್ತ್ರಕ್ಕೆ ಸೇರಬೇಕಾದ ಪಾಠವೋ ಪೌರನೀತಿಗೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದೇ ಪ್ರಕರಣದ ತನಿಖೆಯಲ್ಲಿದ್ದ ಅರಣ್ಯಾಧಿಕಾರಿಯ ಅಮಾನತು, ಲೋಕಾಯುಕ್ತ ಸಂತೋಷ ಹೆಗ್ಡೆಯವರ ರಾಜೀನಾಮೆ, ಆಮೇಲೆ ರಾಜೀನಾಮೆ ವಾಪಸು; 2024ರ ಅಕ್ಟೋಬರಿನಲ್ಲಿ ಆರೋಪಿಗಳಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯದ ಶಿಕ್ಷೆ, ನವೆಂಬರಿನಲ್ಲಿ ಹೈಕೋರ್ಟಿನಿಂದ ಆ ಶಿಕ್ಷೆ ಅಮಾನತು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಮೂರು ಪಾಠಗಳಲ್ಲಿ ಬಾಯಿಪಾಠ ಮಾಡಿಸುವುದನ್ನು ಒಂದೇ ಬಂದರಿನ ಧಕ್ಕೆಯಲ್ಲಿ ನಿಂತು ತೋರಿಸಬಹುದು. ಶಾಲೆಯಿಂದ ಬಸ್ಸಿನ ಖರ್ಚು ಮಾತ್ರ.

ಎರಡನೆಯ ಪಾಠಕ್ಕೆ ಬಸ್ಸೂ ಬೇಡ, ಹುಬ್ಬಳ್ಳಿಯ ರೈಲು ಮೊದಲೇ ಇಲ್ಲ. ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗ ಮಂಜೂರಾದದ್ದು ತೊಂಬತ್ತರ ದಶಕದಲ್ಲಿ. ಉದ್ದ 160 ಕಿಲೋಮೀಟರಿಗೂ ಹೆಚ್ಚು. ಅರ್ಧಕ್ಕಿಂತ ಹೆಚ್ಚು ದಾರಿ ಪಶ್ಚಿಮಘಟ್ಟದ ಕಾಡು. ಆ ಹೊತ್ತಿಗೆ ಹುಟ್ಟಿದ ಮಕ್ಕಳು ಬೆಳೆದು, ಓದಿ, ಮದುವೆಯಾಗಿ, ತಮ್ಮ ಮಕ್ಕಳಿಗೆ ‘ರೈಲು ಬರ್ತದೆ’ ಎಂದು ಹೇಳುತ್ತಿದ್ದಾರೆ. ಇದನ್ನು ಅಭಿವೃದ್ಧಿಯ ವೈಫಲ್ಯ ಎಂದು ಬಯ್ಯುವವರು ಇದ್ದಾರೆ, ಕಾಡು ಉಳಿಯಿತಲ್ಲ ಎಂದು ನಿಟ್ಟುಸಿರು ಬಿಡುವವರೂ ಇದ್ದಾರೆ. ಶಿಕ್ಷಣತಜ್ಞನ ಕಣ್ಣಿಗೆ ಮಾತ್ರ ಇದೊಂದು ಪೂರ್ಣಗೊಂಡ ಬೋಧನೋಪಕರಣ. ರೈಲ್ವೆ ಕೇಂದ್ರಪಟ್ಟಿಯಲ್ಲಿದೆ, ಭೂಮಿ ರಾಜ್ಯಪಟ್ಟಿಯಲ್ಲಿದೆ, ಅರಣ್ಯ ಸಮವರ್ತಿ ಪಟ್ಟಿಯಲ್ಲಿದೆ. ಅರಣ್ಯವೂ ಶಿಕ್ಷಣವೂ ಒಂದೇ ಸಲ, 1976ರ 42ನೆಯ ತಿದ್ದುಪಡಿಯಲ್ಲಿ, ರಾಜ್ಯಪಟ್ಟಿಯಿಂದ ಎದ್ದು ಸಮವರ್ತಿ ಪಟ್ಟಿಗೆ ಹೋಗಿ ಕೂತವು. ಅಂದಿನಿಂದ ಎರಡಕ್ಕೂ ಇಬ್ಬರು ಯಜಮಾನರು, ಎರಡೂ ತೆಳ್ಳಗಾಗುತ್ತಿವೆ. ರೈಲು ಓಡಿಬಿಟ್ಟರೆ ಮಕ್ಕಳು ಕಿಟಕಿಯಾಚೆ ನೋಡುತ್ತ ಇದನ್ನೆಲ್ಲ ಮರೆತುಬಿಡುತ್ತಾರೆ ಎಂಬುದೊಂದೇ ಪ್ರಬಂಧಕಾರನ ಭಯ.

ಶಾಲಾ ಸಂಸತ್ತಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಜೂನ್ ತಿಂಗಳಲ್ಲಿ ಚುನಾವಣೆ, ಪ್ರಧಾನಿ, ಆಹಾರಮಂತ್ರಿ, ಸ್ವಚ್ಛತಾಮಂತ್ರಿ, ಪ್ರಮಾಣವಚನ, ಫೋಟೋ. ಆಮೇಲೆ ಸ್ವಚ್ಛತಾಮಂತ್ರಿ ಕಸ ಹೊಡೆಯುತ್ತಾನೆ, ಪ್ರಧಾನಿ ಮಾಸ್ತರರಿಗೆ ಚಹಾ ತರುತ್ತಾನೆ, ವಿರೋಧಪಕ್ಷದ ನಾಯಕಿಗೆ ಮಾತಾಡಿದ್ದಕ್ಕೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ಇದರಿಂದ ಮಕ್ಕಳು ಪ್ರಜಾಪ್ರಭುತ್ವ ಕಲಿಯುವುದಿಲ್ಲ ಎಂದು ಟೀಕಿಸುವುದು ತಪ್ಪು. ತೀರ ಬೇಗ ಕಲಿಯುತ್ತಾರೆ. ನಿಜವಾದ ಮತದಾನ ನಡೆಯುವುದು ಬಿಸಿಯೂಟದ ಸಾಲಿನಲ್ಲಿ, ಮೊಟ್ಟೆಯೋ ಬಾಳೆಹಣ್ಣೋ ಎಂದು ಕೇಳುವಾಗ. ಅಲ್ಲಿ ಹದಿನೆಂಟು ತುಂಬಬೇಕೆಂಬ ನಿಯಮವಿಲ್ಲ, ನೋಟಾ ಒತ್ತಿದವರನ್ನು ಪ್ರಬಂಧಕಾರ ಕಂಡಿಲ್ಲ.

‘ಎಲ್ಲ ಮಕ್ಕಳಿಗೂ’ ಎಂಬ ಮಾತಿಗೆ ಬಂದಾಗ ಶಾಸ್ತ್ರ ಸ್ವಲ್ಪ ತಡವರಿಸುತ್ತದೆ. ಯಾಕೆಂದರೆ ಈ ತಾಲೂಕಿನಲ್ಲಿ ಪೌರನೀತಿಯನ್ನು ಅತಿ ಉನ್ನತ ದರ್ಜೆಯಲ್ಲಿ ಮುಗಿಸಿದ, ಹಾಲಕ್ಕಿ ಸಮುದಾಯದ ಇಬ್ಬರು ಅಜ್ಜಿಯರು ಶಾಲೆಯ ಹಾಜರಿಪುಸ್ತಕದಲ್ಲೇ ಇಲ್ಲ. ಬಡಗೇರಿಯ ಸುಕ್ರಿ ಬೊಮ್ಮಗೌಡರು ನೂರಾರು ಹಾಡು ನೆನಪಿನಲ್ಲಿಟ್ಟುಕೊಂಡು, ಅದರ ಜೊತೆಗೆ ಊರಿನ ಸಾರಾಯಿಯ ವಿರುದ್ಧ ನಿಂತರು. 2017ರಲ್ಲಿ ಪದ್ಮಶ್ರೀ ಬಂತು. ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ಬೆಳೆಸುತ್ತಲೇ ಬದುಕು ಸವೆಸಿ, 2020ರ ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಬರಿಗಾಲಲ್ಲೇ ಹೋದರು. ಗಿಡಮರ, ಕಾಡು ಕಾಪಾಡುವುದು ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯಗಳಲ್ಲೊಂದು. ನಮ್ಮ ಮಕ್ಕಳು ಆ ಹನ್ನೊಂದು ಕರ್ತವ್ಯಗಳನ್ನು ನಾಲ್ಕು ಅಂಕಕ್ಕೆ ಬರೆಯುತ್ತಾರೆ, ಬರೆದ ಹಾಳೆಗೆ ಮರ ಕಡಿಯುತ್ತಾರೆ. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅರ್ಜಿಗಿಂತ ಮುಂಚೆ ಪದ್ಮಶ್ರೀಗಳು ಬಂದು ಮುಟ್ಟಿದವು. ಅಜ್ಜಿಯರಿಬ್ಬರೂ ಈಗ ಇಲ್ಲ. ಅರ್ಜಿ ಇದೆ.

ದಿನಕರ ದೇಸಾಯಿಯವರನ್ನು ಇಲ್ಲಿ ನೆನೆಯದಿದ್ದರೆ ಊರಿನವರು ಪ್ರಬಂಧಕಾರನನ್ನು ಬಸ್ ಹತ್ತಲು ಬಿಡುವುದಿಲ್ಲ. ಪ್ರಾಥಮಿಕ ಶಿಕ್ಷಣದ ಮೇಲೆ 1938ರಲ್ಲೇ ಪುಸ್ತಕ ಬರೆದವರು. ರೈತರನ್ನು ಸಂಘಟಿಸಿದ್ದಕ್ಕೆ 1940ರಿಂದ ಐದು ವರ್ಷ ಜಿಲ್ಲೆಯಿಂದಲೇ ಗಡಿಪಾರಾದವರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲುಗಳನ್ನು ತೆರೆದವರು. 1967ರಲ್ಲಿ ಲೋಕಸಭೆಗೆ ಹೋದವರು. ಇಷ್ಟನ್ನೂ ಮಾಡಿದವರು ಜನರ ನೆನಪಿನಲ್ಲಿ ಉಳಿದದ್ದು ನಾಲ್ಕು ಸಾಲಿನ ಚುಟುಕದಿಂದ. ಇದರಿಂದ ಶಿಕ್ಷಣಶಾಸ್ತ್ರದ ಒಂದು ಮಹಾಸೂತ್ರ ಹೊರಡುತ್ತದೆ: ನಾಲ್ಕು ಸಾಲಿನಲ್ಲಿ ನಗಿಸಿ ಹೇಳಲಾಗದ್ದನ್ನು ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹೇಳಬಾರದು. (ಈ ಪ್ರಬಂಧಕ್ಕೆ ಸೂತ್ರ ಅನ್ವಯಿಸುವುದಿಲ್ಲ.)

ಇಲ್ಲಿಗೆ ಪದ್ಧತಿಯ ಹೆಸರಿನ ವಿವರಣೆ. ಪತ್ರಿಕೆಯವರು ಬೇಲೆಕೇರಿಯದನ್ನು ‘ಅದಿರು ಹಗರಣ’ ಎಂದು ಬರೆದಾಗ ಬೆಂಗಳೂರಿನವರಿಗೆ ಒಂದೇ ಅರ್ಥ ಹೊಳೆಯಿತು. ಅಂಕೋಲೆಯವರಿಗೆ ಎರಡು. ಹೋಳಿಯ ಹೊತ್ತಿಗೆ ಹಾಲಕ್ಕಿಗಳ ಸುಗ್ಗಿಯಲ್ಲಿ ತುರಾಯಿ ಕಟ್ಟಿ ಕುಣಿಯುವವರ ಜೊತೆ ವೇಷ ಹಾಕಿಕೊಂಡು ಬರುವವರದ್ದೂ ಹಗರಣವೇ. ವರ್ಷದಲ್ಲಿ ಊರಲ್ಲಿ, ದೇಶದಲ್ಲಿ ಏನೇನು ನಡೆಯಿತೋ ಅದನ್ನೆಲ್ಲ ಅಣಕಿಸುವ ಆಟ. ಬೆಳಂಬಾರದ ಸುಗ್ಗಿಮೇಳ ಪೇಟೆಗೆ ಬಂದು ತಾಲೂಕು ಕಚೇರಿಯ ಎದುರಿಗೂ ಕುಣಿಯುವುದು ರೂಢಿ. ದೊಡ್ಡವರು ಮಾಡಿದ ಹಗರಣವನ್ನು ಊರವರು ಹಗರಣ ಮಾಡಿ ದೊಡ್ಡವರ ಬಾಗಿಲಲ್ಲೇ ತೋರಿಸುವ ಈ ವಿದ್ಯೆಗೆ ಬೇರೆ ಕಡೆ ನಾಗರಿಕ ಸಮಾಜ, ಸಾಮಾಜಿಕ ಲೆಕ್ಕಪರಿಶೋಧನೆ ಎಂದೆಲ್ಲ ದೊಡ್ಡ ಹೆಸರುಗಳಿವೆ. ನಮ್ಮಲ್ಲಿ ಗುಮಟೆವಾದ್ಯ ಇದೆ.

ಆದ್ದರಿಂದ ಪ್ರಸ್ತಾವ: 20 ಅಂಕದ ಆಂತರಿಕ ಮೌಲ್ಯಮಾಪನಕ್ಕೆ ಹತ್ತನೆಯ ತರಗತಿಯವರೆಲ್ಲ ವರ್ಷಕ್ಕೊಂದು ಹಗರಣ ಕಟ್ಟಬೇಕು. ಒಬ್ಬ ಅದಿರಾಗಬೇಕು, ಒಬ್ಬಳು ಹಡಗಾಗಬೇಕು, ನಿದ್ದೆ ಮಾಡುವವನಿಗೆ ಕಾವಲುಗಾರನ ಪಾತ್ರ. ಕೊನೆಬೆಂಚಿನವರು ಹೇಗೂ ಮಾಸ್ತರರನ್ನು ಅಣಕಿಸುವುದರಲ್ಲಿ ಪಳಗಿರುವುದರಿಂದ ಅವರೇ ನಿರ್ದೇಶಕರು. ಆಟ ತಾಲೂಕು ಕಚೇರಿಯ ಎದುರಿಗೆ; ಪರೀಕ್ಷಕರಾಗಿ ಪಹಣಿ ತಿದ್ದುಪಡಿಗೆ ಬಂದು ಅಲ್ಲಿಯ ಕಟ್ಟೆಯ ಮೇಲೆ ಕೂತವರನ್ನು ನೇಮಿಸತಕ್ಕದ್ದು. ಅವರು ನಕ್ಕರೆ ಹತ್ತು ಅಂಕ. ಒಳಗಿನ ಗುಮಾಸ್ತರು ನಕ್ಕರೆ ಹದಿನೈದು. ಗುಮಾಸ್ತರು ನಗದೆ ಎದ್ದು ಫೈಲು ತಂದರೆ ಪೂರ್ತಿ ಇಪ್ಪತ್ತು.

ಪ್ರಬಂಧವನ್ನು ಸಂಬಂಧಪಟ್ಟ ಕಚೇರಿಯೊಂದಕ್ಕೆ ಕೊಂಡೊಯ್ದೆ. ಮೂರು ಪ್ರತಿ ತನ್ನಿ ಎಂದರು. ಎದುರಿನ ಝೆರಾಕ್ಸ್ ಅಂಗಡಿಯಲ್ಲಿದ್ದವಳು ನನ್ನದೇ ಹಳೆಯ ವಿದ್ಯಾರ್ಥಿನಿ. ಪುಟ ತಿರುವುತ್ತ, ಮಷಿನ್ನಿನ ಬೆಳಕಿನಲ್ಲಿ ಅಲ್ಲಲ್ಲಿ ಓದಿ, “ಸರ್, ಇದನ್ನ ಹೀಗೇ ಕೊಟ್ರೆ ಕಪಾಟಿಗೇ ಹೋಗ್ತದೆ” ಅಂದಳು. “ಮೊದ್ಲು ಟಪಾಲಲ್ಲಿ ಕೊಟ್ಟು ಸೀಲು-ನಂಬರು ಹಾಕಿಸ್ಕೊಳ್ಳಿ. ತಿಂಗಳು ಬಿಟ್ಟು ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಲ್ಲಿ ಕೇಳಿ, ಆ ನಂಬರಿನ ಮೇಲೆ ಎಂತಾ ಕ್ರಮ ಆಯ್ತು ಅಂತ. ಮೂವತ್ತು ದಿನಕ್ಕೆ ಉತ್ತರ ಕೊಡ್ಲೇಬೇಕು. ಕೊಡದಿದ್ರೆ ಮೇಲ್ಮನವಿ, ಫಾರ್ಮು ನನ್ನತ್ರ ಉಂಟು.”

ಕಟ್ಟೆಯ ಮೇಲೆ ಅವಳಿಗಾಗಿ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಒಬ್ಬ ಅಜ್ಜನ ಅರ್ಜಿಯನ್ನು ತಿರುಗಿಸಿ ನೋಡಿ, ತಹಶೀಲ್ದಾರರಿಗಲ್ಲ, ಪಂಚಾಯತಿಗೆ ಬರೆಯಬೇಕಿತ್ತು ಎಂದು ಹೇಳಿ ಹೊಸ ಹಾಳೆ ತೆಗೆದಳು. ಪ್ರತಿಗಳನ್ನು ಪಿನ್ ಹೊಡೆದು ಕೊಡುವಾಗ ದುಡ್ಡು ಬೇಡ ಸರ್ ಅಂದಳು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸಮಾಜಕ್ಕೆ ನಾನು ಅವಳಿಗೆ ಕೊಟ್ಟದ್ದು 80ಕ್ಕೆ 28.