ಘನಫಲಾಚಾರ್ಯರು

ಕುಲ, ಶೀಲ, ವಿದ್ಯೆ, ವಿತ್ತ ಎಂಬ ನಾಲ್ಕು ಮಾನಗಳಿಂದ ಮನುಷ್ಯನ ತೂಕವನ್ನು ನಿರ್ಣಯಿಸುತ್ತಿದ್ದ ನಮ್ಮ ಪೂರ್ವಿಕರಿಗೆ, ಐದನೆಯದೊಂದು ಮಾನವು ಮುಂದೆ ಹುಟ್ಟಲಿದೆಯೆಂಬ ಸುಳಿವು ಇದ್ದಂತೆ ತೋರುವುದಿಲ್ಲ. ಆ ಐದನೆಯದು ಘನಫಲ. ಎಂದರೆ, ಒಬ್ಬನು ಏರಿ ಕುಳಿತ ಮೋಟಾರ್ ಸೈಕಲ್ಲಿನ ಎಂಜಿನ್ನಿನಲ್ಲಿ ಪಿಸ್ಟನ್ನು ತುದಿಯಿಂದ ತಳಕ್ಕೆ ಒಮ್ಮೆ ಸರಿದಾಗ ಎಷ್ಟು ಜಾಗ ತೆರವಾಗುತ್ತದೆಂಬ ಲೆಕ್ಕ. ಈ ಜಾಗವು ಒಂದು ಲೋಟ ಚಹಾ ಹಿಡಿಯುವಷ್ಟಿದ್ದರೆ ಅವನು ಸಾಮಾನ್ಯನು. ಎರಡು ಲೋಟದಷ್ಟಿದ್ದರೆ ಗೌರವಸ್ಥನು. ನಾಲ್ಕು ಲೋಟವಾಯಿತೋ, ಅವನು ಓಣಿಯನ್ನು ಹೊಕ್ಕ ಸದ್ದಿಗೆ ಹೆಂಗಸರು ಮಕ್ಕಳೆನ್ನದೆ ಎಲ್ಲರೂ ಬಾಗಿಲಿಗೆ ಬಂದು ನಿಲ್ಲುವರು. ಈ ನೂತನ ಶಾಸ್ತ್ರಕ್ಕೆ ಭಾಷ್ಯಕಾರರು ಊರಿಗೊಬ್ಬರಂತೆ ಇದ್ದೇ ಇರುತ್ತಾರೆ. ನಾನು ಬಲ್ಲ ಆಚಾರ್ಯರು ಕುರಕುಂಭದಲ್ಲಿ ಕೆಲಸಕ್ಕಿರುವರು.

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿಯನ್ನು ಹಿಡಿದು ಸುಮಾರು 80 ಕಿಲೋಮೀಟರ್ ಬಂದರೆ ದೌಂಡ್ ತಾಲ್ಲೂಕಿನ ಈ ಗ್ರಾಮವು ಸಿಗುತ್ತದೆ. ಹಿಂದೆ ಫಿರಂಗಾಯಿ ದೇವಿಯ ಗುಡಿಯಿಂದ ಪ್ರಸಿದ್ಧವಾಗಿದ್ದ ಊರು ಈಗ ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನಿಂದ ಪ್ರಸಿದ್ಧವಾಗಿದೆ. ಔಷಧಿ ಮತ್ತು ರಾಸಾಯನಿಕಗಳ ಕಾರ್ಖಾನೆಗಳು ಸಾಲಾಗಿ ನಿಂತಿರುವುದರಿಂದ, ಯಾವ ದಿಕ್ಕಿನ ಗಾಳಿ ಬೀಸುತ್ತಿದೆಯೆಂಬುದನ್ನು ಇಲ್ಲಿಯ ಜನ ಕಣ್ಣು ಮುಚ್ಚಿಕೊಂಡು ಮೂಗಿನಿಂದಲೇ ಹೇಳಬಲ್ಲರು. ವಿಜಯಪುರ, ಕಲಬುರಗಿ, ಬೀದರಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದ ಕನ್ನಡಿಗರೂ ಈ ಕಾರ್ಖಾನೆಗಳಲ್ಲಿ ಸೇರಿಕೊಂಡಿರುವರು. ಆಚಾರ್ಯರ ದುರ್ದೆಸೆಗೆ ಈ ಭೂಗೋಳವೇ ಮೂಲಕಾರಣವೆಂದು ನನ್ನ ಅಭಿಪ್ರಾಯ. ಅದೇ ಹೆದ್ದಾರಿಯು ಪೂರ್ವಕ್ಕೆ ಸೊಲ್ಲಾಪುರವನ್ನು ಮುಟ್ಟಿ, ಅಲ್ಲಿಂದ ಒಂದು ಕವಲು ವಿಜಯಪುರಕ್ಕೂ, ತಾನೇ ಮುಂದುವರಿದು ಹುಮನಾಬಾದಿಗೂ ಹೋಗಿ, ಊರಿನ ನೆನಪನ್ನು ಕೆಣಕುತ್ತದೆ. ಪಶ್ಚಿಮಕ್ಕೆ ಹೋದರೆ ಪುಣೆಯ ಆಚೆ ಆಕುರ್ಡಿ, ಚಾಕಣಗಳಿದ್ದು, ಈ ದೇಶದ ಯುವಜನರ ನಿದ್ದೆ ಕೆಡಿಸುವ ಯಂತ್ರಗಳಲ್ಲಿ ಅರ್ಧಕ್ಕರ್ಧ ಅಲ್ಲಿಯೇ ಜನ್ಮ ತಳೆಯುತ್ತವೆಯೋ ಎಂದು ಆಚಾರ್ಯರಿಗೆ ಅನ್ನಿಸುತ್ತದೆ. ಹೊಸ ಮೋಟಾರ್ ಸೈಕಲ್ಲುಗಳನ್ನು ತುಂಬಿಕೊಂಡ ಉದ್ದನೆಯ ಕಂಟೇನರ್ ಲಾರಿಗಳು ಇವರ ಕಣ್ಣೆದುರಿಗೇ ಹಾದುಹೋಗುವಾಗ ವೈರಾಗ್ಯವನ್ನು ಉಪದೇಶಿಸುವುದು ಯಾರ ಬಾಯಿಗೆ ಬಂದೀತು?

ಆಚಾರ್ಯರೆಂದರೆ ಮಠದವರಲ್ಲ. ನಲವತ್ತರ ಮಗ್ಗುಲಿಗೆ ಬಂದ, ಇಬ್ಬರು ಮಕ್ಕಳ ತಂದೆಯಾದ, ಸ್ವಲ್ಪ ಬೊಜ್ಜು ಕಾಣಿಸಿಕೊಂಡಿರುವ ಪ್ಲಾಂಟ್ ಆಪರೇಟರರು. ವಾಸ ದೌಂಡಿನಲ್ಲಿ, ಕೆಲಸ ಅಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಕುರಕುಂಭದಲ್ಲಿ, ಸಂಚಾರ ಕಂಪನಿಯ ಬಸ್ಸಿನಲ್ಲಿ, ಊರಿಗೆ ಹೋಗಬೇಕಾದಾಗ ದೌಂಡ್ ಜಂಕ್ಷನ್ನಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ. ಅವರ ಬಳಿ ಸ್ವಂತದ ಮೋಟಾರ್ ಸೈಕಲ್ಲು ಇಲ್ಲ. ಆದರೆ ಅದಕ್ಕೆ ಬೇಕಾದ ಮಿಕ್ಕೆಲ್ಲವೂ ಉಂಟು. ಮುಖವನ್ನು ಪೂರ್ತಿ ಮುಚ್ಚುವ ಹೆಲ್ಮೆಟ್ಟು, ಗೆಣ್ಣುಗಳ ಮೇಲೆ ಗಟ್ಟಿ ಕವಚವಿರುವ ಕೈಗವಸು, ಮೊಣಕೈಗೂ ಭುಜಕ್ಕೂ ಮೆತ್ತೆಯಿರುವ ಜಾಕೀಟು, ಸರಪಳಿಗೆ ಹಚ್ಚುವ ಎಣ್ಣೆಯ ಡಬ್ಬಿ, ಇವಿಷ್ಟನ್ನೂ ಅವರು ದೂರದೃಷ್ಟಿಯಿಂದ ಸಂಪಾದಿಸಿ ಇಟ್ಟಿರುವರು. ಹೆಲ್ಮೆಟ್ಟಿನಲ್ಲಿ ಮನೆಯವರು ಸದ್ಯಕ್ಕೆ ಬೆಳ್ಳುಳ್ಳಿಯನ್ನು ಹಾಕಿಟ್ಟಿರುವುದನ್ನೂ, ಬಿಸಿ ಪಾತ್ರೆಯನ್ನು ಒಲೆಯಿಂದ ಇಳಿಸಲು ಕೈಗವಸು ಬಲು ಅನುಕೂಲವಾಗಿರುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಹಾಗೆಂದು ಅವರ ಪಾಂಡಿತ್ಯವನ್ನು ಲಘುವಾಗಿ ಎಣಿಸಬಾರದು. ಸಿಲಿಂಡರಿನ ವ್ಯಾಸವಾದ ಬೋರ್ ಎಷ್ಟು, ಪಿಸ್ಟನ್ ಸರಿಯುವ ದೂರವಾದ ಸ್ಟ್ರೋಕ್ ಎಷ್ಟು ಎಂದು ಹೇಳಿದರೆ ಸಾಕು. ವ್ಯಾಸವನ್ನು ವ್ಯಾಸದಿಂದ ಗುಣಿಸಿ, ಬಂದುದನ್ನು ಸ್ಟ್ರೋಕಿನಿಂದ ಗುಣಿಸಿ, 0.7854ರಿಂದ ಮತ್ತೊಮ್ಮೆ ಗುಣಿಸಿ, ಲಾಗ್‌ಶೀಟಿನ ಬೆನ್ನ ಮೇಲೆ ಉತ್ತರವನ್ನು ಬರೆದು ತೋರಿಸುವರು. ಬೋರ್ 72, ಸ್ಟ್ರೋಕ್ 49 ಮಿಲಿಮೀಟರ್ ಆದರೆ 199.5 ಘನ ಸೆಂಟಿಮೀಟರ್, ಎಂದರೆ ಸಿ.ಸಿ.; ಅದು ಕೆಟಿಎಂ ಡ್ಯೂಕ್ 200. ಬೋರ್ 89, ಸ್ಟ್ರೋಕ್ 60 ಆದರೆ 373. ಅದು ಅದರ ಅಣ್ಣ, ಡ್ಯೂಕ್ 390. ಬೋರ್ ಅಗಲವಾಗಿ ಸ್ಟ್ರೋಕ್ ಗಿಡ್ಡವಾದರೆ ಎಂಜಿನ್ನು ಬೇಗ ಬೇಗ ತಿರುಗಿ ಮೇಲಿನ ವೇಗದಲ್ಲಿ ಬಲ ಕೊಡುತ್ತದೆ. ಸ್ಟ್ರೋಕ್ ಉದ್ದವಾದರೆ ಕೆಳಗಿನ ವೇಗದಲ್ಲಿಯೇ ಎಳೆಯುತ್ತದೆ. ಹಳೆಯ ಬುಲೆಟ್ 350ರ 70 ಮತ್ತು 90 ಇದಕ್ಕೆ ನಿದರ್ಶನ, ಎಂದು ಅವರು ವಿವರಿಸುವಾಗ ಚಹಾದಂಗಡಿಯವನು ಕೂಡ ಹಾಲು ಉಕ್ಕುವುದನ್ನು ಮರೆಯುತ್ತಾನೆ. ನನಗೆ ಸೋಜಿಗವಾದುದು ಬೇರೆ. ಇದೇ ಮಹಾನುಭಾವರು ದಿನಂಪ್ರತಿ ಎಂಟು ಗಂಟೆಯ ಕಾಲ ಆರು ಸಾವಿರ ಲೀಟರಿನ ರಿಯಾಕ್ಟರೊಂದನ್ನು, ಎಂದರೆ 60 ಲಕ್ಷ ಸಿ.ಸಿ.ಯ ಪಾತ್ರೆಯನ್ನು, ಆಕಳಿಸುತ್ತ ಕಾಯಿಸಿ ತಣಿಸಿ ಇಳಿಸುವರು; ಅದರ ಎದುರಿನಲ್ಲಿ ಒಂದು ದಿನವಾದರೂ ರೋಮಾಂಚನಗೊಂಡುದಿಲ್ಲ. ಗೇಟಿನ ಹೊರಗೆ 373 ಸಿ.ಸಿ. ಗುಡುಗಿದರೆ ಮಾತ್ರ ಕಿಟಕಿಗೆ ಓಡುವರು.

ಹಳೆಯ ಕಾಲದವರು ಪುಣ್ಯವಂತರೆಂದು ಆಚಾರ್ಯರು ಆಗಾಗ ನಿಟ್ಟುಸಿರಿಡುವುದುಂಟು. ಆಗ ಆರಿಸಿಕೊಳ್ಳುವುದಕ್ಕೆ ಇದ್ದುದೇ ಬೆರಳೆಣಿಕೆಯಷ್ಟು. ಮದರಾಸಿನ ಬುಲೆಟ್ 350. ಎಸ್ಕಾರ್ಟ್ಸ್‌ನವರ ರಾಜದೂತ 175. ನಮ್ಮ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾದ ಐಡಿಯಲ್ ಜಾವಾದವರ ಜಾವಾ 250. ಸೌಮ್ಯ ಸ್ವಭಾವದವರಿಗೆ ಒಂದು, ಮೀಸೆಯವರಿಗೆ ಒಂದು, ಹಾಲಿನವರಿಗೆ ಒಂದು. ಜಾವಾದಲ್ಲಂತೂ ಕಿಕ್ ಹೊಡೆಯುವ ಸನ್ನೆಯೇ ಗೇರ್ ಹಾಕುವ ಸನ್ನೆಯೂ ಆಗಿತ್ತು. ಆಯ್ಕೆಗೆ ಆಸ್ಪದವನ್ನು ಕಡಿಮೆ ಮಾಡುವುದರಲ್ಲಿ ಅದಕ್ಕಿಂತ ಉದಾತ್ತವಾದ ಪ್ರಯತ್ನವನ್ನು ನಾನು ಕಾಣೆ. ಅದೇ ಜಾವಾ ಮುಂದೆ ಯೆಜ್ದಿಯಾಗಿ, ಮಲೆನಾಡಿನ ಏರುಗಳನ್ನೂ ಬಯಲುಸೀಮೆಯ ಧೂಳನ್ನೂ ಒಂದೇ ಸಮನಾಗಿ ಸಹಿಸಿ, 1996ರಲ್ಲಿ ಕಾರ್ಖಾನೆಯೊಡನೆ ಕಣ್ಣು ಮುಚ್ಚಿತು. 1983ರಲ್ಲಿ ಬಂದ ರಾಜದೂತ 350 ಮಾತ್ರ ಆಚಾರ್ಯರ ಪುರಾಣಪುರುಷ. ಎರಡು ಸಿಲಿಂಡರು, 347 ಸಿ.ಸಿ.; ಅದರ ಪಿಕಪ್ಪಿಗೆ ಹೆದರಿದವರು ಒಂದಷ್ಟು ಜನ, ಪೆಟ್ರೋಲಿನ ಖರ್ಚಿಗೆ ಹೆದರಿದವರು ಅದಕ್ಕಿಂತ ಹೆಚ್ಚು ಜನ. ಅದರ ಹೆಸರು ಬಂದಾಗ ಅವರು ಕುಳಿತಲ್ಲಿಯೇ ಸ್ವಲ್ಪ ನೆಟ್ಟಗಾಗುವರು.

ಅನಂತರ ಕಲಿಯುಗ. 1999ರಲ್ಲಿ ಹೀರೋ ಹೋಂಡಾ ಸಿಬಿಜೆಡ್, 2001ರಲ್ಲಿ 150 ಮತ್ತು 180ರ ಪಲ್ಸರ್ ಜೋಡಿ, 2008ರಲ್ಲಿ ಯಮಹಾ ಆರ್15, ಮರುವರ್ಷ ಕವಾಸಾಕಿ ನಿಂಜಾ 250, 2012ರಲ್ಲಿ ಡ್ಯೂಕ್ 200, 2013ರಲ್ಲಿ 390, 2017ರ ಕೊನೆಗೆ ಹೊಸೂರಿನ ಟಿವಿಎಸ್ ಅಪಾಚೆ ಆರ್ಆರ್ 310, ಹೀಗೆ ಒಂದನ್ನು ನಿಶ್ಚಯಿಸಿ ಕೈ ತೊಳೆಯುವಷ್ಟರಲ್ಲಿ ಇನ್ನೊಂದು ಬಂದು ನಿಲ್ಲತೊಡಗಿತು. ಪಲ್ಸರ್ ಬಂದಾಗ ಅವರು ಐಟಿಐ ವಿದ್ಯಾರ್ಥಿ. 150 ಸಾಕೆಂದು ತೀರ್ಮಾನಿಸಿದ್ದರು. ನೌಕರಿ ಸಿಕ್ಕಿತು, ತೀರ್ಮಾನವು 200ಕ್ಕೆ ಏರಿತು. ಖಾಯಂ ಆಯಿತು, 250. ಮದುವೆಯಾದ ವರ್ಷ ಯಾವ ಕಾರಣದಿಂದಲೋ ಅದು 390ಕ್ಕೆ ಜಿಗಿದು, ಮೊದಲನೆಯ ಮಗುವಿನ ತೊಟ್ಟಿಲು ಬಂದ ವಾರದಲ್ಲಿ 125ಕ್ಕೆ ಇಳಿದು, ಓವರ್‌ಟೈಮಿನ ಹಣ ಬಂದೊಡನೆ ತಿರುಗಿ 300ಕ್ಕೆ ಬಂದು ನಿಂತಿತು. ಅವರ ಸಂಸಾರದ ಆಯವ್ಯಯವನ್ನು ತಿಳಿಯಬೇಕಾದವರು ಬ್ಯಾಂಕಿಗೆ ಹೋಗಬೇಕಾಗಿಲ್ಲ, “ಈಗ ಎಷ್ಟು ಸಿ.ಸಿ. ನಡೆದಿದೆ?” ಎಂದು ಕೇಳಿದರೆ ಸಾಕು.

ಪಾಠ ಹೇಳುವುದು ಬಸ್ಸಿನ ಹಿಂದಿನ ಸೀಟಿನಲ್ಲಿ. ಹೊಸದಾಗಿ ಸೇರಿದ ಅಪ್ರೆಂಟಿಸ್ ಹುಡುಗರು ಶಿಷ್ಯರು.

“ತಮ್ಮಾ, ನೂರಾ ಐವತ್ತ ಅಂದ್ರ ಕಾಲೇಜ್ ಹುಡುಗರ ಗಾಡಿ. ಎರಡನೂರು ಅಂದ್ರ ಪಗಾರ ಶುರು ಆದಾವಂದು. ಮುನ್ನೂರರ ಮ್ಯಾಲೆ ಹೋತಂದ್ರ ನೋಡು, ಅದು ಬ್ಯಾರೇನ ಲೋಕ.”

“ಅಣ್ಣಾ, ಮೈಲೇಜ್ ಎಷ್ಟ ಕೊಡ್ತಾವ?”

ಈ ಪ್ರಶ್ನೆಗೆ ಆಚಾರ್ಯರು ಉತ್ತರಿಸುವುದಿಲ್ಲ. ಕಿಟಕಿಯ ಹೊರಗೆ ನೋಡುವರು. ಸೀಸನ್ ಇದ್ದರೆ ಅಲ್ಲಿ ಎರಡೆರಡು ಟ್ರಾಲಿಗಳನ್ನು ಕಟ್ಟಿಕೊಂಡ ಟ್ರಾಕ್ಟರು, ಹಿಂದೆ ದೀಪವಿಲ್ಲದೆ, ಎರಡೂ ಬದಿಗೆ ಕಬ್ಬನ್ನು ಚಾಚಿಕೊಂಡು, ಸಕ್ಕರೆ ಕಾರ್ಖಾನೆಯ ಕಡೆಗೆ ಗಂಭೀರವಾಗಿ ಸಾಗುತ್ತಿರುತ್ತದೆ. ಅದರ ಹಿಂದೆ 150, 200, 390 ಎಲ್ಲವೂ ಒಂದೇ ವೇಗದಲ್ಲಿ, ವರ್ಣಭೇದವಿಲ್ಲದೆ, ಕಬ್ಬಿನ ರವದೆ ಮುಖಕ್ಕೆ ಬಡಿಸಿಕೊಳ್ಳುತ್ತ ಬರುತ್ತಿರುತ್ತವೆ. ಹಾದಿ ತೆರವಾದರೂ, ನಾಲ್ಕು ಪಥದ ರಸ್ತೆಯಲ್ಲಿ ದ್ವಿಚಕ್ರಕ್ಕೆ ಕೇಂದ್ರ ಸರಕಾರವು 2018ರಲ್ಲಿ ನಿಗದಿ ಮಾಡಿದ ಪರಮಾವಧಿ ಗಂಟೆಗೆ 80 ಕಿಲೋಮೀಟರು. ಪುಣೆ–ಮುಂಬಯಿ ಎಕ್ಸ್‌ಪ್ರೆಸ್‌ವೇಗಂತೂ ದ್ವಿಚಕ್ರಗಳಿಗೆ ಪ್ರವೇಶವೇ ಇಲ್ಲ. ದೌಂಡಿನಿಂದ ಕುರಕುಂಭಕ್ಕೆ ಹೋಗುವ ಹಾದಿಯಲ್ಲಿ 390ರ ಆರನೆಯ ಗೇರನ್ನು ಹಾಕುವುದಕ್ಕೆ ಯೋಗ್ಯವಾದ ಸ್ಥಳ ಯಾವುದೆಂದು ನಾನು ಒಮ್ಮೆ ವಿನಯದಿಂದ ವಿಚಾರಿಸಿದೆ. “ಗೇರ್ ಹಾಕೂದು ಮುಖ್ಯ ಅಲ್ರೀ, ಇರೂದು ಮುಖ್ಯ” ಎಂದರು. ಬ್ಯಾಂಕಿನಲ್ಲಿ ಹಣವಿಟ್ಟವರೂ ಇದೇ ಮಾತನ್ನು ಹೇಳುವುದರಿಂದ ನಾನು ಸುಮ್ಮನಾದೆ.

ಶಿಷ್ಯರು ಗುರುವಿನಷ್ಟು ಸ್ಥಿರಚಿತ್ತರಲ್ಲ. ಅವರು ನಾಲ್ಕು ಪಾಠ ಕೇಳಿ, ಐದನೆಯ ದಿನ ಹೋಗಿ ಕೊಂಡುಬಿಡುತ್ತಾರೆ. ಕೊಂಡವನು ಮರ್ಯಾದೆಗೆ ಪೇಡೆ ತಂದುಕೊಟ್ಟು, “ಬರ್ರಿ ಅಣ್ಣಾ, ಒಂದ್ ರೌಂಡ್” ಎಂದು ಕರೆದರೆ, ಆಚಾರ್ಯರು ಹಿಂದೆ ಏರುವರು. ಸ್ಪೋರ್ಟ್ಸ್ ಬೈಕಿನ ಹಿಂದಿನ ಆಸನವು, ಅದನ್ನು ನಿರ್ಮಿಸಿದವನಿಗೆ ಎರಡನೆಯ ಮನುಷ್ಯನಲ್ಲಿ ವಿಶ್ವಾಸವಿರಲಿಲ್ಲವೆಂಬುದಕ್ಕೆ ಸಾಕ್ಷಿ: ಅಂಗೈ ಅಗಲ, ಆಳೆತ್ತರ, ಹಿಡಿಯಲು ಏನೂ ಇಲ್ಲ. ಏಪ್ರಿಲಿನ ಬಿಸಿಲಿನಲ್ಲಿ ರೇಡಿಯೇಟರಿನ ಫ್ಯಾನು ಮೀನಖಂಡದ ಮೇಲೆ ಉಗುಳುವ ಗಾಳಿ ಸವಾರನ ಪಾಲು. ಸೊಂಟದ ನೋವು ಹಿಂದಿನವನ ಪಾಲು. ಇಳಿದ ಮೇಲೆ ಆಚಾರ್ಯರು ಬೆನ್ನು ನೀವಿಕೊಂಡು, “ಟಾರ್ಕ್ ಭಾಳ ಛಲೋ ಐತಿ, ಆದ್ರ ನನಗ ಇನ್ನೊಂದೀಟು ಬೇಕು” ಎಂದು ತೀರ್ಪು ಕೊಡುವರು. ದೌಂಡಿನಲ್ಲಿ ಅವರ ಸಲಹೆಯಿಂದ ಮಾರಾಟವಾದ ಗಾಡಿಗಳ ದೆಸೆಯಿಂದ, ಶೋರೂಮಿನ ಹುಡುಗ ಇವರನ್ನು ಕಂಡೊಡನೆ ಸ್ಟೂಲು ಒರೆಸಿ ಚಹಾ ತರಿಸುತ್ತಾನೆ, “ನಿಮಗ ಯಾವಾಗ ಕಾಕಾ?” ಎಂದು ಕೇಳುವುದನ್ನು ಅವನೂ ಬಿಟ್ಟಿರುವನು.

ಗೃಹಕೃತ್ಯದಲ್ಲಿ ಈ ಶಾಸ್ತ್ರಕ್ಕೆ ಮನ್ನಣೆ ಸಾಲದು. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅವರು ಸಿಂಗಲ್ ಸಿಲಿಂಡರು ಡಬಲ್ ಸಿಲಿಂಡರುಗಳ ತಾರತಮ್ಯವನ್ನು ಎತ್ತಿಕೊಂಡರಂತೆ. ನಿಂಜಾ 300ರಲ್ಲಿ ಎರಡು ಸಿಲಿಂಡರು, 39 ಕುದುರೆಶಕ್ತಿ, ಆದರೆ ಅದು ಪೂರ್ತಿಯಾಗಿ ದೊರೆಯುವುದು ಹನ್ನೊಂದು ಸಾವಿರ ಆರ್‌ಪಿಎಂ ಮುಟ್ಟಿದಾಗ; 390ರಲ್ಲಿ ಒಂದೇ ಸಿಲಿಂಡರು, ಶಕ್ತಿ ಅದಕ್ಕಿಂತ ಒಂದು ಕೈ ಮೇಲು, ಆದರೆ ನಡುಕ ಹೆಚ್ಚು; ನಯ ಬೇಕಾದವನು ಡಬಲ್ಲಿಗೆ ಹೋಗತಕ್ಕದ್ದೋ, ಹುರುಪು ಬೇಕಾದವನು ಸಿಂಗಲ್ಲಿನಲ್ಲಿ ನಿಲ್ಲತಕ್ಕದ್ದೋ? ಮನೆಯವರು ಸಾರು ಬಡಿಸುತ್ತ, “ಅಲ್ರೀ, ಮನ್ಯಾಗ ಡಬಲ್ ಸಿಲಿಂಡರೇ ಐತಿ. ಒಂದು ಖಾಲಿ ಆಗಿ ಎಂಟ ದಿನ ಆತು. ಮೊದಲ ಅದನ್ನ ತುಂಬಿಸ್ಕೊಂಡ ಬರ್ರಿ” ಎಂದರಂತೆ. ಈ ವೃತ್ತಾಂತವನ್ನು ನನಗೆ ಹೇಳಿದವರು ಆಚಾರ್ಯರೇ. ಅದರಲ್ಲಿ ಹಾಸ್ಯವಿದೆಯೆಂದು ಅವರು ಗಮನಿಸಿದಂತೆ ಕಾಣಲಿಲ್ಲ.

ಇಷ್ಟಾಗಿ 2023ರಲ್ಲಿ ಅವರಿಗೆ ದೊಡ್ಡ ಆಘಾತವಾಯಿತು. ಹತ್ತು ವರ್ಷ ಜಪಿಸಿದ 373 ಒಂದು ಬೆಳಿಗ್ಗೆ 399 ಆಗಿ ಬಂದಿತು, ಲಾಗ್‌ಶೀಟುಗಳೆಲ್ಲ ವ್ಯರ್ಥ. ಅದೇ ವರ್ಷ ಚಾಕಣದಿಂದಲೇ ಟ್ರಯಂಫ್ ಸ್ಪೀಡ್ 400 ಹೊರಟು, ಲೆಕ್ಕವನ್ನು ಮತ್ತಷ್ಟು ಕದಡಿತು. ಇವೆರಡನ್ನೂ ಅರಗಿಸಿಕೊಂಡು ಅವರು 399ನ್ನು ನೆಚ್ಚುವ ಹಂತಕ್ಕೆ ಬಂದಿದ್ದರು. ಅಷ್ಟರಲ್ಲಿ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದುವು: 350 ಸಿ.ಸಿ.ವರೆಗೆ ಶೇಕಡಾ 28 ಇದ್ದುದು 18ಕ್ಕೆ ಇಳಿಯಿತು. ಅದನ್ನು ಮೀರಿದ್ದಕ್ಕೆ ಸೆಸ್ ಕೂಡಿ 31 ಇದ್ದುದು 40ಕ್ಕೆ ಏರಿತು. ಸರಕಾರವು ಕೂಡ ಪ್ರಜೆಗಳನ್ನು ಸಿ.ಸಿ.ಯಿಂದಲೇ ವಿಂಗಡಿಸುವುದಾಯಿತೆಂದು ಆಚಾರ್ಯರಿಗೆ ಒಂದು ಕಡೆ ಪರಮಸಂತೋಷ. ತಮ್ಮ ಹೃದಯವು ಗೆರೆಯ ಆ ಬದಿಗೂ ಕಿಸೆಯು ಈ ಬದಿಗೂ ಬಿದ್ದುದಕ್ಕೆ ಇನ್ನೊಂದು ಕಡೆ ಪರಮಸಂಕಟ. ದಸರೆಯ ಮುಂದೆ ಅವರ ಶಿಷ್ಯರಲ್ಲಿ ಮೂವರು 18ರ ಬದಿಯಲ್ಲಿಯೇ ಗಾಡಿ ಇಳಿಸಿ, ಆಯುಧಪೂಜೆಗೆ ಕುಂಬಳಕಾಯಿ ಒಡೆದು, ಫಿರಂಗಾಯಿಯ ಗುಡಿಗೆ ಒಂದು ಸುತ್ತು ಹೋಗಿ ಬಂದರು. ಆಚಾರ್ಯರು ಬೋನಸ್ಸಿನ ಹಣದಿಂದ ಹೊಸ ಬೂಟು ಕೊಂಡರು. ಗೇರ್ ಎತ್ತುವಾಗ ಸವೆಯದಂತೆ ಎಡಗಾಲಿನ ತುದಿಗೆ ರಬ್ಬರಿನ ಪಟ್ಟಿಯಿರುವಂಥದು.

ಮೊನ್ನೆ ಬಸ್ಸಿನಲ್ಲಿ ಹೊಸ ಹುಡುಗನೊಬ್ಬ ಮೊಬೈಲಿನಲ್ಲಿ ಬೆಂಗಳೂರಿನ ಅಲ್ಟ್ರಾವಯಲೆಟ್ ಎಫ್77ರ ಚಿತ್ರವನ್ನು ತೋರಿಸಿ, “ಅಣ್ಣಾ, ಇದು ಎಷ್ಟ ಸಿ.ಸಿ.?” ಎಂದು ಕೇಳಿದನು. ವಿದ್ಯುತ್ತಿನ ಗಾಡಿ, ಪಿಸ್ಟನ್ ಇಲ್ಲ, ಬೋರ್ ಇಲ್ಲ, ಸ್ಟ್ರೋಕ್ ಇಲ್ಲ, ಆದಕಾರಣ ಘನಫಲವೂ ಇಲ್ಲ. ಆಚಾರ್ಯರು ಗೇಟು ಬರುವವರೆಗೆ ತುಟಿ ಬಿಚ್ಚಲಿಲ್ಲ. ಶಾಸ್ತ್ರವು ಅಲ್ಲಿಗೆ ಸಮಾಪ್ತವಾಯಿತೆಂದು ನಾನೂ ಎಣಿಸಿದೆನು. ಮರುದಿನ ಅವರು ಬಸ್ ಹತ್ತಿದವರೇ, ಹುಡುಗನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಹೊಸ ಲಾಗ್‌ಶೀಟನ್ನು ಕಿಸೆಯಿಂದ ತೆಗೆದು ಮೊಣಕಾಲಿನ ಮೇಲೆ ಹರಡಿದರು.

“ನೋಡ್ ತಮ್ಮಾ, ಕಿಲೋವ್ಯಾಟಿಗೆ 1.36ರಿಂದ ಗುಣಿಸಬೇಕು. ಮೂವತ್ತ ಕಿಲೋವ್ಯಾಟಂದ್ರ 40.8 ಕುದರಿ. ನಿಂಜಾ ಮುನ್ನೂರಕ್ಕಿಂತ ಒಂದ್ ಕೂದಲ ಜಾಸ್ತಿ, 399ಕ್ಕ ಸ್ವಲ್ಪ ಕಡಿಮಿ. ಮ್ಯಾಲೆ ಸೈಲೆನ್ಸರ್ ಇಲ್ಲ, ಸಪ್ಪಳಿಲ್ಲ. ತಗೋಬಹುದು… ಆದ್ರ ಗಡಿಬಿಡಿ ಮಾಡಬ್ಯಾಡ, ಬ್ಯಾಟರಿ ಇನ್ನೂ ದೊಡ್ಡು ಬರ್ತಾವ.”