ಬಿಸಿಲಿನ ಊರಿನ ಜೆಲ್ಲಿ

ಬೀದರಿನ ಮೇ ತಿಂಗಳು ಸಿಹಿತಿಂಡಿಗಳಿಗೆ ಪರೀಕ್ಷೆಯ ಕಾಲ. ಪೇಢೆ ಬೆವರುತ್ತದೆ, ಬೆಲ್ಲದ ಡಬ್ಬಿ ಅಂಟಂಟಾಗುತ್ತದೆ. ಬಿಸಿಲು 40 ಡಿಗ್ರಿ ಮುಟ್ಟಿದ ಅಂಥ ದಿನಗಳನ್ನೇ ನೋಡಿ ನಮ್ಮ ಮನೆಯವರು ಜೆಲ್ಲಿ ಮಾಡಲು ಹೊರಡುತ್ತಿದ್ದರು. ಹುಡುಗರಿಗೆ ಸೂಟಿ ಇರುತ್ತಿದ್ದುದು ಆಗಲೇ, ಹೈದರಾಬಾದಿನಿಂದ ಮಾಮಾ ಬರುತ್ತಿದ್ದುದು ಆಗಲೇ, ಮಾಮಾನ ಚೀಲದಲ್ಲಿ ಜೆಲ್ಲಿಯ ಪೊಟ್ಟಣ ಇರುತ್ತಿದ್ದುದೂ ಆಗಲೇ.

ಪೊಟ್ಟಣದ ಮೇಲೊಂದು ಚಿತ್ರ: ಕೆಂಪನೆಯ ಗುಡ್ಡ, ಅದರ ನೆತ್ತಿಗೊಂದು ಚೆರ್ರಿ. ಅವ್ವ ಪುಡಿಯನ್ನು ಬಿಸಿನೀರಿಗೆ ಕಲಸಿ, ಸ್ಟೀಲಿನ ಬಟ್ಟಲಿಗೆ ಸುರಿದು, ಬಟ್ಟಲುಗಳನ್ನು ತಣ್ಣೀರು ತುಂಬಿದ ಪರಾತದಲ್ಲಿ ಇಡುತ್ತಿದ್ದಳು. ಫ್ರಿಜ್ಜು ಎಂಬುದು ನಮ್ಮ ಓಣಿಗೆ ಇನ್ನೂ ಬಂದಿರಲಿಲ್ಲ. ನಾವು ತಾಸಿಗೊಮ್ಮೆ ಬೆರಳು ಅದ್ದಿ ನೋಡುವುದು, ಬೈಸಿಕೊಳ್ಳುವುದು, ಮತ್ತೆ ಅದ್ದುವುದು. ಸಂಜೆಯಾದರೂ ಗುಡ್ಡ ಏಳುತ್ತಿರಲಿಲ್ಲ. ಕೊನೆಗೆ ಅಪ್ಪ ಅದನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದು, “ಶರಬತ್ ಛೊಲೊ ಆಗ್ಯಾದ” ಅಂದುಬಿಡುತ್ತಿದ್ದ.

ಅವ್ವನ ಕೈಯಲ್ಲಿ ದೋಷವಿರಲಿಲ್ಲ. ಜೆಲ್ಲಿಯನ್ನು ಬಿಗಿಸುವ ಜೆಲಾಟಿನ್ ನಮ್ಮ ಮೈಬಿಸಿಗಿಂತ ಕಡಿಮೆ ಬಿಸಿಗೇ ಕರಗುವ ಪದಾರ್ಥ. ಬಾಯಿಗಿಟ್ಟರೆ ಕರಗುತ್ತದೆ ಎಂದು ಜೆಲ್ಲಿಯನ್ನು ಹೊಗಳುವುದು ಅದಕ್ಕೇ. ಬೀದರಿನ ಮೇ ತಿಂಗಳಲ್ಲಿ ಊರಿಗೆ ಊರೇ ಬಾಯಿ; ಜೆಲ್ಲಿ ಪಾಪ ಎಲ್ಲಿ ನಿಂತೀತು?

ಜೆಲಾಟಿನ್ನನ್ನು ದನದ, ಹಂದಿಯ ಚರ್ಮ, ಎಲುಬುಗಳಿಂದ ತೆಗೆಯುತ್ತಾರೆಂಬ ಸುದ್ದಿ ಒಂದು ಸೂಟಿಯಲ್ಲಿ ನಮ್ಮ ಆಯಿಯ ಕಿವಿಗೆ ಬಿತ್ತು. ಆಯಿ ಕೊರಳ ಲಿಂಗವನ್ನೊಮ್ಮೆ ಮುಟ್ಟಿಕೊಂಡು, “ಎಲುಬಿನ ನೀರು ನಮ್ಮ ಪಡಸಾಲ್ಯಾಗ ಬ್ಯಾಡ” ಎಂದು ತೀರ್ಪು ಕೊಟ್ಟಳು. ಮಾಮಾ ಆ ವರ್ಷ ಬಂದಷ್ಟೇ ಬೇಗ ತಿರುಗಿ ಹೋದ.

ನಮ್ಮನ್ನು ಪಾರು ಮಾಡಿದವಳು ಭಾಲ್ಕಿಯ ಕಾಕಿ. ರೈಲಿನಲ್ಲಿ ಬಂದಿಳಿದ ಅವಳ ಚೀಲದಲ್ಲಿ ಚೈನಾ ಗ್ರಾಸಿನ ಕಟ್ಟಿತ್ತು: ಬೆಳ್ಳಗೆ, ಹಗುರಾಗಿ, ಮುರಿದರೆ ಸದ್ದೂ ಆಗದ ಎಳೆಗಳು. ಅದು ಸಮುದ್ರದ ಕೆಂಪು ಪಾಚಿಯಿಂದ ಬರುವ ಮಾಲು, ಎಲುಬಿನ ಸೋಂಕಿಲ್ಲ. ಕಾಕಿ ಅದನ್ನು ನೆನೆಸಿ, ಕುದಿಸಿ, ಸೋಸಿ, ಸಕ್ಕರೆ ಮತ್ತು ಗುಲಾಬಿ ಶರಬತ್ತು ಹಾಕಿ ತಾಟಿಗೆ ಸುರಿದಳು. ನಾವು ಬೆರಳು ತೊಳೆದುಕೊಂಡು ಬರುವುದರೊಳಗೆ ಅದು ಗಟ್ಟಿಯಾಗಿ ಕೂತಿತ್ತು. ಚೈನಾ ಗ್ರಾಸು ಒಮ್ಮೆ ಬಿಗಿದರೆ ಮತ್ತೆ ಕರಗಲು ಸುಮಾರು 85 ಡಿಗ್ರಿ ಬೇಕು. ಬೀದರಿನ ಬಿಸಿಲಿಗೂ ಅಷ್ಟು ತಾಕತ್ತಿಲ್ಲ. ಶಂಕರಪೋಳಿಯ ಆಕಾರಕ್ಕೆ ಕೊಯ್ದು ಕೊಡುತ್ತ ಕಾಕಿ “ತಗೋರಿ, ಜೆಲ್ಲಿ” ಅಂದಳು. ನಿಜಾಮರ ಕಾಲದಲ್ಲಿ ಅವಳೂರಿನ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದರಲ್ಲ, ಕಾಕಿಯ ಜೆಲ್ಲಿಯೂ ಅದೇ ಶಾಲೆಯದು. ಆಯಿ ಎರಡು ತುಂಡು ತಿಂದು ಮೂರನೆಯದಕ್ಕೆ ಕೈ ಚಾಚಿದಳು.

ಇದೇ ಉಪಾಯ ಜರ್ಮನಿಯಲ್ಲಿ ಒಬ್ಬ ಗೃಹಿಣಿಗೆ 1881ರಲ್ಲಿ ಹೊಳೆದಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ವಿಜ್ಞಾನಿ ರಾಬರ್ಟ್ ಕಾಕ್ ಜೊತೆ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಸೂಕ್ಷ್ಮಜೀವಿ ಬೆಳೆಸಲು ಜೆಲಾಟಿನ್ ಬಳಸುತ್ತಿದ್ದ. ಬೇಸಿಗೆ ಬಂದರೆ ಅದು ಕರಗಿ ಎಲ್ಲ ಹಾಳು. ಅವನ ಹೆಂಡತಿ ಫ್ಯಾನಿ, ತಾನು ಅಡುಗೆಮನೆಯಲ್ಲಿ ಜೆಲ್ಲಿಗೆ ಹಾಕುವ ಅಗರ್ ಹಾಕಿ ನೋಡು ಎಂದಳು. ಆ ಅಗರ್ ನಮ್ಮ ಚೈನಾ ಗ್ರಾಸೇ. ಜಾವಾದಲ್ಲಿ ಇದ್ದು ಬಂದ ನೆರೆಯವರಿಂದ ಅವಳು ಕಲಿತಿದ್ದಳಂತೆ. ಇವತ್ತಿಗೂ ಜಗತ್ತಿನ ಪ್ರಯೋಗಾಲಯಗಳು ಸೂಕ್ಷ್ಮಜೀವಿ ಬೆಳೆಸುವುದು ಹೆಚ್ಚಾಗಿ ಅದರ ಮೇಲೆಯೇ. ಭಾಲ್ಕಿಯ ಕಾಕಿಗೆ ಯಾವ ಕಾಕ್‌ನ ಪರಿಚಯವೂ ಇರಲಿಲ್ಲ. ಹಾಗಾಗಿ ಅವಳ ಶೋಧ ನಮ್ಮ ಪಡಸಾಲೆ ದಾಟಲಿಲ್ಲ.

ಆದರೆ ಆಯಿಯ ಲೆಕ್ಕದಲ್ಲಿ ಪೊಟ್ಟಣದ ಜೆಲ್ಲಿ, ಚೈನಾ ಗ್ರಾಸು ಎರಡೂ ಹುಡುಗಾಟದ ಮಾತು. ಅವಳ ತವರು ಔರಾದ್ ಕಡೆ. ಅಲ್ಲಿ ನಡುಗುವ ಸಿಹಿ ಅಂದರೆ ಒಂದೇ: ಗಿಣ್ಣ. ಅದೂ ದೇವಣಿ ಆಕಳಿನದೇ ಆಗಬೇಕು, ಬಿಳಿ ಮೈಗೆ ಕರಿ ಮಚ್ಚೆಯದು. ದೇವಣಿ ಊರು ಈಗ ಲಾತೂರ ಜಿಲ್ಲೆಯಲ್ಲಿದೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು, ಅದು ಸೇರಿದ್ದ ಉದಗೀರದ ಸೀಮೆ ಗಡಿಯಾಚೆ ಹೋಯಿತು. ಆಕಳುಗಳಿಗೆ ಯಾರೂ ಹೇಳಲಿಲ್ಲವಾದ್ದರಿಂದ ಅವು ಎರಡೂ ಕಡೆ ಈಯುತ್ತಲೇ ಇವೆ.

ಕರು ಕುಡಿದು ಉಳಿದ ಮೊದಲ ದಿನದ ಹಾಲು ಹಳದಿ, ಮಂದ. ಅದಕ್ಕೆ ಸಾದಾ ಹಾಲು ಬೆರೆಸದಿದ್ದರೆ ಗಿಣ್ಣ ಹಲ್ಲಿಗೆ ಪುಟಿಯುತ್ತದೆ. ಬೆಲ್ಲ ಕರಗಿಸಿ, ಯಾಲಕ್ಕಿ ಕುಟ್ಟಿ ಹಾಕಿ, ಡಬ್ಬಿಗೆ ಸುರಿದು, ನೀರು ಕುದಿಯುವ ಪತೇಲಿಯಲ್ಲಿಟ್ಟು ಮುಚ್ಚಬೇಕು. ಆಯಿ ಚಾಕು ಚುಚ್ಚಿ ತೆಗೆಯುವಳು, ಅಂಟಿರದಿದ್ದರೆ ಆಯಿತು. ಕೊಯ್ದ ಬದಿಗೆ ಸಣ್ಣ ಸಣ್ಣ ತೂತು, ಅದರಲ್ಲಿ ಬೆಲ್ಲದ ನೀರು. ಈ ಹಾಲಿನಲ್ಲಿ ಕರುವನ್ನು ರೋಗದಿಂದ ಕಾಯುವ ಪ್ರೋಟೀನು ವಿಪರೀತ, ಬಿಸಿ ತಾಗಿದರೆ ಅದು ಬಿಗಿಯುತ್ತದೆ. ಜೆಲ್ಲಿ ಯಾವ ಬಿಸಿಗೆ ಸೋಲುತ್ತದೋ ಗಿಣ್ಣ ಅದರಿಂದಲೇ ಗಟ್ಟಿ. ನಮ್ಮ ಸೀಮೆಗೆ ಹೇಳಿ ಮಾಡಿಸಿದ ಸಿಹಿ.

ಗಿಣ್ಣದ ಹಾಲನ್ನು ಮಾರುವ ರೂಢಿ ಇರಲಿಲ್ಲ. ಹಾಲು ತಾನಾಗಿ ಮನೆಗೆ ಬರಬೇಕು, ಬಂದ ತಂಬಿಗೆಯನ್ನು ಬರಿದು ಕಳಿಸಬಾರದು, ಬೆಲ್ಲದ ಹೆಂಟೆಯಾದರೂ ಹಾಕಬೇಕು. ಆಯಿಯ ತವರಿನವರಿಗೂ ಅವರ ದಾಯಾದಿಗಳಿಗೂ ಹೊಲದ ಬದುವಿನ ಜಗಳವಿತ್ತು, ಕೇಸು ಕೋರ್ಟಿನಲ್ಲಿತ್ತು. ದಾಯಾದಿಗಳ ಮನೆಯ ಆಕಳು ಈದಾಗ ಮಾತ್ರ ಹಾಲಿನ ತಂಬಿಗೆ ತಪ್ಪದೆ ಬರುತ್ತಿತ್ತು. ತಂದ ಹುಡುಗ ಹೊಸ್ತಿಲಾಚೆಯೇ ನಿಂತು, “ಅವ್ವ ಕೊಟ್ಟಾಳ, ಮಾತಾಡಬ್ಯಾಡ ಅಂದಾಳ” ಎಂದು ಒಪ್ಪಿಸಿ, ಬೆಲ್ಲ ಹಾಕಿದ ತಂಬಿಗೆ ಎತ್ತಿಕೊಂಡು ಓಡುತ್ತಿದ್ದ.

ಈಗ ನಮ್ಮ ಮನೆಯಲ್ಲೂ ಫ್ರಿಜ್ಜಿದೆ. ಮೇ ತಿಂಗಳಲ್ಲೂ ಜೆಲ್ಲಿ ಎದ್ದು ನಿಲ್ಲುತ್ತದೆ, ಅಪ್ಪನಿಗೆ ಶರಬತ್ತಿಲ್ಲ. ಗಿಣ್ಣದ ಹೆಸರಿನಲ್ಲಿ ಸಾದಾ ಹಾಲಿಗೆ ಚೈನಾ ಗ್ರಾಸು ಹಾಕಿ ಬಿಗಿಸುವವರೂ ಇದ್ದಾರೆ. ನಾನೂ ತಿಂದಿದ್ದೇನೆ, ರುಚಿಗೆ ಕೆಡುಕಿಲ್ಲ. ಆದರೆ ಅದನ್ನು ತಿನ್ನಲು ಯಾರ ಮನೆಯ ಆಕಳೂ ಈಯಬೇಕಿಲ್ಲ, ನಮ್ಮ ಮೇಲೆ ಕೇಸು ಹಾಕಿದವರು ತಂಬಿಗೆ ಕಳಿಸಬೇಕಿಲ್ಲ. ಹೀಗಾಗಿ ದಾಯಾದಿಗಳಿಗೆ ಈಗ ಕೋರ್ಟಿನಲ್ಲಿ ಬಿಟ್ಟರೆ ಬೇರೆ ಕಡೆ ಭೇಟಿಯೇ ಇಲ್ಲ.