ಈಟಿ ನೆಟ್ಟಗೆ ಮಾಡಿದ ರುದೈನಾ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ರುದೈನಾ ಅಮ್ಮನವರೇ,

ಹಳೆಯ ಅರಬ್ಬಿ ಯುದ್ಧಕಾವ್ಯದಲ್ಲಿ ಒಳ್ಳೆಯ ಈಟಿಗೆ ನಿಮ್ಮ ಹೆಸರೇ ವಿಶೇಷಣ: ‘ರುದೈನಿ’. ಆ ಈಟಿ ಹಿಡಿದವನ ಕುಲ ನಮಗೆ ಗೊತ್ತು, ಅದಕ್ಕೆ ಎದೆ ಕೊಟ್ಟವನ ಕುಲವೂ ಗೊತ್ತು. ಅರಬ್ಬರು ಒಂದೊಂದು ಕಾಳಗವನ್ನೂ ‘ದಿನ’ ಎಂದು ಕರೆದು, ಹೆಚ್ಚಾಗಿ ಅದು ನಡೆದ ಜಾಗದ ಹೆಸರಿನಿಂದ ನೆನಪಿಟ್ಟುಕೊಳ್ಳುತ್ತಿದ್ದರು: ಧೀ ಕಾರ್ ದಿನ, ಜಬಲಾ ಕಣಿವೆಯ ದಿನ. ಬಕ್ರ್ ಮತ್ತು ತಘ್ಲಿಬ್ ಕುಲಗಳು ಒಂದು ಹೆಣ್ಣೊಂಟೆಯ ದೆಸೆಯಿಂದ 40 ವರ್ಷ ಕಾದಾಡಿದವೆಂಬ ಬಸೂಸ್ ಯುದ್ಧದ ಕಥೆಯಲ್ಲಿ ಆ ಒಂಟೆಗೂ ಹೆಸರಿದೆ, ಸರಾಬ್. ನಿಮ್ಮ ಬಗ್ಗೆ ಮಾತ್ರ ನಿಘಂಟುಕಾರರಿಂದ ನಮಗೆ ಸಿಗುವುದು ಹೆಚ್ಚುಕಡಿಮೆ ಇಷ್ಟೇ: ಖತ್ತ್ ಸೀಮೆಯಲ್ಲಿ ಈಟಿ ನೆಟ್ಟಗೆ ಮಾಡುತ್ತಿದ್ದ ಹೆಂಗಸು, ಸಮ್ಹರನ ಹೆಂಡತಿ. ನಿಮ್ಮ ಯಜಮಾನರ ಹೆಸರಿನಲ್ಲೂ ಒಂದು ಈಟಿ ಇದೆ, ‘ಸಮ್ಹರಿ’. ಸಮ್ಹರ ಎಂಬುದು ಅಬಿಸೀನಿಯಾದ ಊರೊಂದರ ಹೆಸರು ಎನ್ನುವವರೂ ಇದ್ದಾರೆ.

ಖತ್ತ್ ಎಂದರೆ ಪೂರ್ವ ಅರೇಬಿಯಾದ ಕರಾವಳಿ, ಕತೀಫ್, ಉಕೈರ್‌ಗಳಿರುವ ಸೀಮೆ. ‘ಖತ್ತಿ’ ಈಟಿ ಎಂದರೂ ಕವಿಗಳಿಗೆ ಅಷ್ಟೇ ಮೆಚ್ಚುಗೆ. ಆದರೆ ಈಟಿಗೆ ಬೇಕಾದ ಬಿದಿರಿನ ಗಳ ಅಲ್ಲಿ ಬೆಳೆಯುತ್ತಿರಲಿಲ್ಲ. ಅದು ಹಿಂದೂಸ್ತಾನದಿಂದ ಹಡಗಿನಲ್ಲಿ ಬಂದು ಖತ್ತ್‌ನಲ್ಲಿ ಇಳಿಯುತ್ತಿತ್ತು, ಅಲ್ಲಿ ಹದವಾಗಿ ಅರಬ್ಬರಿಗೆ ಮಾರಾಟವಾಗುತ್ತಿತ್ತು. 1229ರಲ್ಲಿ ತೀರಿಕೊಂಡ ಯಾಕೂತ್ ತನ್ನ ಸ್ಥಳನಾಮಗಳ ಕೋಶದಲ್ಲಿ ಇದನ್ನು ದಾಖಲಿಸಿದ್ದಾನೆ. ಕತ್ತಿಯದೂ ಇದೇ ಕಥೆ. ಕವಿಗಳು ಹೊಗಳುವ ‘ಮುಹನ್ನದ್’ ಹಿಂದ್ ದೇಶದ ಉಕ್ಕಿನ ಕತ್ತಿ. ತನ್ನ ಕುಲದ ಮುಂದೆ ಲೋಕವೇ ಸಣ್ಣದು ಎಂದು ಹಾಡುವ ವೀರನ ಎರಡು ಕೈಯಲ್ಲೂ ಕಡಲು ದಾಟಿ ಬಂದ ಸರಕು. ಇದನ್ನು ತಿಳಿದ ಮೇಲೆ ಆ ಪದ್ಯಗಳ ಮೇಲಿನ ನನ್ನ ಪ್ರೀತಿ ಹೆಚ್ಚಾಯಿತು.

ನಿಮ್ಮ ಕಸುಬಿನ ಉಪಕರಣದ ಹೆಸರು ಥಿಕಾಫ್. ಮೊಳದುದ್ದದ ಗಟ್ಟಿ ಮರದ ತುಂಡು, ಅದರ ತುದಿಯಲ್ಲಿ ಗಳ ತೂರುವಷ್ಟು ತೂತು. ಮೊದಲು ಗಳಕ್ಕೆ ಜಿಡ್ಡು ಸವರಬೇಕು, ಬೆಂಕಿಗೆ ಹಿಡಿದು ಹದವಾಗಿ ಕಾಯಿಸಬೇಕು, ಆಮೇಲೆ ತೂತಿಗೆ ತೂರಿಸಿ ಸೊಟ್ಟಗಿರುವಲ್ಲಿ ಅದುಮಿ ಮಣಿಸಬೇಕು. ಅವಸರ ಮಾಡಿದರೆ ಹಡಗೇರಿ ಬಂದ ಗಳ ಅಲ್ಲೇ ಸೀಳುತ್ತದೆ. ಒಂದು ಕಣ್ಣು ಮುಚ್ಚಿ, ಬುಡದಿಂದ ತುದಿಯವರೆಗೆ ನೋಟ ಹಾಯಿಸಿ, ಇನ್ನೂ ಒಂದು ಗಿಣ್ಣು ಓರೆಯಾಗಿದೆಯಲ್ಲ ಎಂದು ನೀವು ಮತ್ತೆ ಬೆಂಕಿಯ ಕಡೆ ತಿರುಗುವುದು ನನಗೆ ಕಾಣುತ್ತದೆ. ಹಾಗೆ ನೆಟ್ಟಗಾದ ಈಟಿಯನ್ನು ಕವಿಗಳು ‘ಮುಥಕ್ಕಫ್’ ಎಂದರು. ಇಂದಿನ ಅರಬ್ಬಿಯಲ್ಲಿ ಆ ಮಾತು ಸುಸಂಸ್ಕೃತ ವಿದ್ಯಾವಂತರಿಗೆ ಸಲ್ಲುತ್ತದೆ. ‘ಥಕಾಫಾ’ ಎಂದರೆ ಸಂಸ್ಕೃತಿ. ಅರಬ್ ದೇಶಗಳ ಸಂಸ್ಕೃತಿ ಸಚಿವಾಲಯಗಳ ಫಲಕದ ಮೇಲಿರುವುದು ನಿಮ್ಮ ಕಸುಬಿನ ಧಾತು.

7ನೇ ಶತಮಾನದಲ್ಲಿ ತಮೀಮ್ ಕುಲದ ಮಾಲಿಕ್ ಇಬ್ನ್ ಅಲ್-ರೈಬ್, ದರೋಡೆ ಬಿಟ್ಟು ಸೈನ್ಯ ಸೇರಿದವನು, ದೂರದ ಖುರಾಸಾನದಲ್ಲಿ ಸಾಯುತ್ತಾ ತನ್ನ ಚರಮಗೀತೆಯನ್ನು ತಾನೇ ಕಟ್ಟಿದ. ತನಗಾಗಿ ಅಳುವವರು ಯಾರೆಂದು ಅವನು ಹುಡುಕಿದಾಗ ಅಲ್ಲಿ ಸಿಕ್ಕಿದ್ದು ಅವನ ಕತ್ತಿ, ಕುದುರೆ, ಮತ್ತು ರುದೈನಿ ಈಟಿ. ತವರಿನಿಂದ ಅಷ್ಟು ದೂರದಲ್ಲಿ, ಅಂಥ ಹೊತ್ತಿನಲ್ಲಿ, ಅವನ ಬಾಯಲ್ಲಿ ನಿಮ್ಮ ಹೆಸರಿತ್ತು ಅಮ್ಮಾ.

ಎಷ್ಟೋ ಅನುವಾದಗಳಲ್ಲಿ ಆ ಹೆಸರು ಉದುರಿಹೋಗಿ ‘ಈಟಿ’ಯೊಂದೇ ಉಳಿಯುತ್ತದೆ. ಅದು ನನಗೆ ಸಹಿಸಲಾಗದ ಸಂಗತಿ. ಅದಕ್ಕೇ ಈ ಪತ್ರವನ್ನು ಬಹಿರಂಗವಾಗಿ ಬರೆದೆ. ಈ ಪದ್ಯಗಳನ್ನು ಕನ್ನಡಕ್ಕೆ ತರುವವರು ‘ಹರಿತವಾದ ಈಟಿ’ ಎಂದು ಬರೆದು ಮುಂದೆ ಹೋಗಬಾರದು. ‘ರುದೈನಾಳ ಈಟಿ’ ಎಂದೇ ಬರೆಯಲಿ, ನಾಲ್ಕು ಮಾತ್ರೆ ಹೆಚ್ಚಾದರೆ ಆಗಲಿ. ಖತ್ತ್ ಎಲ್ಲಿದೆ, ಗಳ ಎಲ್ಲಿಂದ ಬಂತು ಎಂಬುದನ್ನು ಅಡಿಟಿಪ್ಪಣಿಯಲ್ಲಿ ಹೇಳಲಿ.

ಇಂತಿ,
ನಿಮ್ಮ ಓದುಗ